ಮಿಲ್ಟ್ರಿ ಮಾಳಿಂಗಪ್ಪನ ಹುಟ್ಟಿದ ತಾರೀಖು

“ಆಯಿ, ಮಿಲ್ಟ್ರಿ ಮಾಮಾ ಯಾರ ಕೂಡ ಯುದ್ಧಾ ಮಾಡ್ಯಾನ?”

ಐದು ವರ್ಷದ ವಿನೀತ ಹೀಗೆ ಕೇಳಿದಾಗ ಅವನ ತಾಯಿ ಸುಮೇಧಾ ಯಾರದೋ ಹೊಲದ ಪಹಣಿ ಉತಾರ ಪ್ರಿಂಟ್ ತೆಗೆಯುತ್ತಿದ್ದಳು. ಆಲಮೇಲದ ಬಸ್ ಸ್ಟ್ಯಾಂಡಿನ ಎದುರು, ಮನೆಯ ಮುಂದಿನ ಕೋಣೆಯಲ್ಲೇ ಅವಳ ಆನ್‌ಲೈನ್ ಸೆಂಟರ್. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬಂದವರು ಕೂರಲು ಒಂದು ಬೆಂಚು. ಮಿಲ್ಟ್ರಿ ಮಾಮಾ ಆ ಬೆಂಚಿನ ಮೇಲೆಯೇ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದ. ಇಸ್ತ್ರಿ ಮಾಡಿದ ಖಾಕಿ, ಹೆಗಲ ಮೇಲೆ ಪಟ್ಟಿ, ಎದೆಯ ಮೇಲೆ ಸೀಟಿಯ ದಾರ, ಮುಖ ಕಾಣುವಂತೆ ಹೊಳೆಯುವ ಬೂಟು. ಸುಮೇಧಾ ಪ್ರಿಂಟರಿನ ಕಡೆ ತಿರುಗಿದಳು. ಮಾಮಾನೇ ಉತ್ತರ ಕೊಟ್ಟ.

“ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್‌ಗೋಳ ಕೂಡ ಮಾಡತೇನಿ ಸಾಹೇಬ. ದಿನಾ ಎರಡ್ನೂರು ಬರ್ತಾವ. ಒಬ್ಬ ಮಗಾನೂ ಪಾಳಿ ಹಚ್ಚೂದಿಲ್ಲ.”

“ಬಂದೂಕ?”

“ಸೀಟಿ ಐತಿ.” ಊದಿಯೂ ತೋರಿಸಿದ.

ವಿನೀತನಿಗೆ ಅಷ್ಟು ಸಾಕಾಯಿತು. ಊರಿಗೂ ಇಷ್ಟು ವರ್ಷ ಅಷ್ಟೇ ಸಾಕಾಗಿತ್ತು.

ಮಾಳಿಂಗಪ್ಪ ಸೈನ್ಯದಲ್ಲಿ ಒಂದು ದಿನವೂ ಇದ್ದವನಲ್ಲ. ಅವನ ಖಾಕಿ, ಸಕ್ಕರೆ ಕಾರ್ಖಾನೆಯ ಗೇಟಿಗೆ ಕಾವಲುಗಾರರನ್ನು ಒದಗಿಸುವ ಒಂದು ಕಂಪನಿ ಕೊಟ್ಟದ್ದು. ಹೆಗಲ ಪಟ್ಟಿಯ ಮೇಲಿನ ಹುಲಿಯ ಮುಖವೂ ಆ ಕಂಪನಿಯದೇ. ಆದರೂ ಸಿಂದಗಿಯಿಂದ ಇಂಡಿಯ ತನಕ ಮಿಲ್ಟ್ರಿ ಎಂದರೆ ಅವನೇ. ಹದಿನೇಳು ವರ್ಷ ಗಡಿಯಲ್ಲಿ ನಿಂತು, ಪೆನ್ಶನ್ ಪಡೆದು ಬಂದ ನಿಜವಾದ ಸೈನಿಕರು ಊರಲ್ಲಿ ಇಬ್ಬರಿದ್ದಾರೆ. ಒಬ್ಬನನ್ನು ಮಂದಿ ಗಿರಣಿಯವ ಎನ್ನುತ್ತಾರೆ, ಇನ್ನೊಬ್ಬನನ್ನು ಬ್ಯಾಂಕಿನವ ಎನ್ನುತ್ತಾರೆ.

ಮಾಳಿಂಗಪ್ಪನಿಗೆ ಆ ಹೆಸರು ಬಂದದ್ದು ಕಾಲುವೆಯ ದಂಡೆಯಿಂದ. ಸೈನ್ಯಕ್ಕೆ ಸೇರಬೇಕೆನ್ನುವ ಹುಡುಗರು ಬೆಳಗಿನ ಐದಕ್ಕೆ ಅಲ್ಲಿಗೆ ಬರುತ್ತಾರೆ. ಲಚ್ಯಾಣದವರು, ಸಿಂದಗಿಯವರು, ಆಲಮೇಲದಲ್ಲೇ ಖೋಲಿ ಹಿಡಿದು ಇರುವ ಮುದ್ದೇಬಿಹಾಳದವರು. ಎರಡು ಬೇವಿನ ಗಿಡಗಳ ನಡುವೆ ಬೋರಿನ ಹಳೆಯ ಪೈಪು ಬಿಗಿದು ಮಾಳಿಂಗಪ್ಪ ಅವರನ್ನು ಜೋತುಬಿಡಿಸುತ್ತಾನೆ. ಒಂಬತ್ತಡಿ ಅಗಲದ ಗುಂಡಿ ತೋಡಿ ಹಾರಿಸುತ್ತಾನೆ. ಸಾವಿರದ ಆರುನೂರು ಮೀಟರು ಓಡಿಸುತ್ತಾನೆ, ತಾನೂ ಓಡುತ್ತಾನೆ, ಎಲ್ಲರಿಗಿಂತ ಮುಂದೆ. ದೂರದಿಂದ ನಡೆದು ಬರುವ ಹುಡುಗನನ್ನು ನೋಡಿಯೇ ಇವನ ಮೊಣಕಾಲು ಒಂದಕ್ಕೊಂದು ಬಡಿಯುತ್ತವೆ, ಇವನ ಅಂಗಾಲು ಚಪ್ಪಟೆ ಎಂದು ಹೇಳಿಬಿಡುತ್ತಾನೆ.

“ಏ, ನಾಳಿಗೆ ಕಿವಿ ತೊಳಕೊಂಡ ಬಾ. ಡಾಕ್ಟರ್ ನೋಡಿದ್ರ ಅದರಾಗ ಬಿಳಿಜ್ವಾಳಾ ಬಿತ್ತಬಹುದು ಅಂತಾನ.”

ಫೀ ಇಲ್ಲ. ಪಾಸಾದವರು ಸಮವಸ್ತ್ರ ಹಾಕಿಕೊಂಡು ತೆಗೆಸಿದ ಒಂದು ಫೋಟೋ ಕಳಿಸಬೇಕು, ಅದೊಂದೇ ಕರಾರು. ಅವನ ಮನೆಯ ಗೋಡೆಯ ಮೇಲೆ ಅಂಥ ಇಪ್ಪತ್ತಾರು ಫೋಟೋಗಳಿವೆ. ಅವನ ತಾಯಿ ಕಸ್ತೂರೆವ್ವ ದಿನಾ ಅವುಗಳ ಧೂಳು ಒರೆಸುತ್ತ ಒಂದೇ ಮಾತು ಹೇಳುತ್ತಾಳೆ: “ಮಂದಿ ಮಕ್ಕಳು.”

ಇಷ್ಟು ತಿಳಿದವನೇ ಯಾಕೆ ಒಳಗೆ ಹೋಗಲಿಲ್ಲ? ಕಾರಣ ಅವನ ಕೈ.

ಮೂವತ್ತಾರು ವರ್ಷದ ಹಿಂದೆ ಊರ ಶಾಲೆಗೆ ಹೆಡ್ ಮಾಸ್ತರರಾಗಿದ್ದವರು ಗೋವಿಂದ ಮಾಸ್ತರರು, ಅಂದರೆ ಸುಮೇಧಾಳ ಮಾವ. ಮಕ್ಕಳ ಹುಟ್ಟಿದ ತಾರೀಖನ್ನು ಹಳ್ಳಿಯಲ್ಲಿ ಯಾರೂ ಬರೆದಿಡದ ಕಾಲ. ತಾಯಂದಿರನ್ನು ಕೇಳಿದರೆ ಎಮ್ಮೆ ಈದ ವರ್ಷ, ಭೀಮಾ ಹೊಳೆ ಊರೊಳಗೆ ಬಂದ ವರ್ಷ ಎನ್ನುತ್ತಿದ್ದರು. ಶಾಲೆಯ ದಾಖಲೆ ಪುಸ್ತಕದಲ್ಲಿ ಎಮ್ಮೆಗೆ ಕಾಲಂ ಇರಲಿಲ್ಲ. ಅದಕ್ಕೆ ಮಾಸ್ತರರು ಆಗಿನ ಎಲ್ಲ ಮಾಸ್ತರರಂತೆ ಒಂದು ಅಳತೆ ಇಟ್ಟುಕೊಂಡಿದ್ದರು. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಮುಟ್ಟಿದವರೆಲ್ಲರ ಜನ್ಮದಿನ ಜೂನ್ ಒಂದು. ಅರ್ಧ ಊರು ಅದೇ ದಿನ ಹುಟ್ಟಿದೆ. ಕಾಗದ ನಂಬುವುದಾದರೆ ಆಲಮೇಲದ ಸೂಲಗಿತ್ತಿಯರು ವರ್ಷಕ್ಕೆ ಒಂದು ದಿನ ಮೈಮುರಿದು ದುಡಿದು, ಉಳಿದ ದಿನವೆಲ್ಲ ಎಲೆಯಡಿಕೆ ಹಾಕಿಕೊಂಡು ಕೂತಿರುತ್ತಿದ್ದರು.

ಆ ವರ್ಷ ಮಾಳಿಂಗಪ್ಪ ಶಾಲೆಗೆ ಸೇರಲು ಹೋದವನೇ ಅಲ್ಲ. ಅಕ್ಕನ ರೊಟ್ಟಿಯ ಗಂಟು ಹಿಡಿದುಕೊಂಡು ಅವಳ ಹಿಂದೆ ಹೋಗಿದ್ದ. ಆದರೆ ಇರಬೇಕಾದ ಮಕ್ಕಳ ಸಂಖ್ಯೆಗೆ ಒಂದು ತಲೆ ಕಡಿಮೆ ಬಿದ್ದಿತ್ತು. ತುಂಬದಿದ್ದರೆ ಶಾಲೆಗೆ ಬಂದ ಎರಡನೆಯ ಮಾಸ್ತರ ಬೇರೆ ಊರಿಗೆ ಹೋಗುವವನಿದ್ದ. ಗೋವಿಂದ ಮಾಸ್ತರರ ಕಣ್ಣು ಗಂಟು ಹಿಡಿದ ಹುಡುಗನ ಮೇಲೆ ಬಿತ್ತು. “ಏ, ಕೈ ಎತ್ತು” ಎಂದರು. ಹುಡುಗ ಗಂಟು ಕೆಳಗಿಟ್ಟು ಕೈ ಎತ್ತಿದ. ಅದು ಕಿವಿ ಮುಟ್ಟಿ, ಕಿವಿಯನ್ನು ಹಿಡಿದು ಜಗ್ಗುವಷ್ಟು ಉದ್ದವಿತ್ತು. ಸೀಗಿ ಹುಣ್ಣಿಮೆಯ ಮರುದಿನ ಹುಟ್ಟಿದ್ದಾನೆ, ಇನ್ನೂ ಐದು ತುಂಬಿಲ್ಲ ಎಂದು ಕಸ್ತೂರೆವ್ವ ಹೇಳಬೇಕೆನ್ನುವಷ್ಟರಲ್ಲಿ ಮಗ ಆರು ವರ್ಷದವನಾಗಿ ಮನೆಗೆ ಬಂದಿದ್ದ. ಒಂದೇ ಮುಂಜಾನೆಯಲ್ಲಿ ಒಂದು ವರ್ಷ ನಾಲ್ಕು ತಿಂಗಳು ದೊಡ್ಡವನಾಗಿದ್ದ.

ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ಸೈನ್ಯದ ಭರ್ತಿ ಬಂತು. ಕಾಗದಕ್ಕೆ ಹದಿನೆಂಟು, ಮೈಗೆ ಹದಿನಾರು ಮುಕ್ಕಾಲು. ಓಟದಲ್ಲಿ ಮೊದಲಿಗನಾದ. ಎದೆ ಅಳೆಯುವವನು ಟೇಪು ಸುತ್ತಿ, “ಉಬ್ಬಿಸು” ಎಂದ. ಎಷ್ಟು ಉಬ್ಬಿಸಿದರೂ ಎರಡು ಸೆಂಟಿಮೀಟರ್ ಕಡಿಮೆ. “ಉಂಡು ಬಾ ಹೋಗೋ” ಎಂದು ಕಳಿಸಿದರು. ಮಾಳಿಂಗಪ್ಪ ಉಂಡ. ಶೇಂಗಾ ತಿಂದ, ಹಾಲು ಕುಡಿದ, ಹೆಸರುಕಾಳು ನೆನೆಸಿ ತಿಂದ, ಕಬ್ಬಿನ ಹೊರೆ ಹೊತ್ತ. ಮೂರು ವರ್ಷದ ಮೇಲೆ ಮತ್ತೆ ಭರ್ತಿ ಬಂದಾಗ ಎದೆ ಮೂರು ಸೆಂಟಿಮೀಟರ್ ಹೆಚ್ಚೇ ಇತ್ತು. ಆಗ ಮೈಗೆ ಹತ್ತೊಂಬತ್ತು ಮುಕ್ಕಾಲು. ಕಾಗದದಲ್ಲಿ ಮಾತ್ರ ಇಪ್ಪತ್ತೊಂದರ ಮಿತಿ ದಾಟಿ ಕೆಲವು ವಾರ. ಗೇಟಿನಲ್ಲೇ ತಡೆದರು. ಅಲ್ಲಿಂದ ಬಂದವನು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ನಿಂತು, ಬೇರೆಯವರನ್ನು ತಡೆಯುವ ಕೆಲಸಕ್ಕೆ ಸೇರಿದ.

ಇಷ್ಟಾದರೂ ಅವನು ಮಾಸ್ತರರ ಮನೆಗೆ ಹೋಗಿ ಒಂದು ಮಾತು ಆಡಿದವನಲ್ಲ. ದಾರಿಯಲ್ಲಿ ಕಂಡರೆ ಕೈ ಮುಗಿಯುತ್ತಿದ್ದ. ಮುಗಿಯುವ ಕೈಯೂ ಅದೇ.

ಈಗ ಬೆಂಚಿನ ಮೇಲೆ ಕುಳಿತವನಿಗೆ ಸುಮೇಧಾ ಕಂಪ್ಯೂಟರಿನಲ್ಲಿ ಒಂದು ಪ್ರಕಟಣೆ ತೋರಿಸಿದಳು.

“ಮಾಳಿಂಗಪ್ಪಣ್ಣಾ, ಇದು ನೋಡ್ರಿ. ಟೆರಿಟೋರಿಯಲ್ ಆರ್ಮಿ ಅಂತ, ಬ್ಯಾರೆ ನೌಕರಿ ಇದ್ದೋರೂ ಸೇರೂ ಸೈನ್ಯ. ಬೆಳಗಾವಿಯೊಳಗ ಭರ್ತಿ ಅದ. ಹದಿನೆಂಟರಿಂದ ನಲವತ್ತೆರಡರ ತನಕಾ ತಗೋತಾರ.”

ಮಾಳಿಂಗಪ್ಪ ಎದ್ದು ನಿಂತ. “ನಲವತ್ತೆರಡಾ? ಸರಿ ಓದೀರೇನ್ರಿ ಅಕ್ಕಾರ? ನಾಕರ ಮುಂದ ಎರಡಾ?”

“ಹೌದು. ಆದ್ರ ನಿಮ್ಮ ಮಾರ್ಕ್ಸ್ ಕಾರ್ಡಿನ ಲೆಕ್ಕದಾಗ ನಿಮಗ ನಲವತ್ತೆರಡು ವರ್ಷ ಐದು ತಿಂಗಳಾ.”

“ಖರೆ ಅಂದ್ರ ನಲವತ್ತೊಂದು ತುಂಬಿ ಇನ್ನಾ ತಿಂಗಳಾಗೇತಿ. ನನ್ನ ಒಂದು ವರ್ಷ ನಾಕು ತಿಂಗಳಾ ಸರಕಾರದ ಹತ್ರ ಜಮಾ ಐತಲ್ರಿ. ಅದರಾಗ ಐದು ತಿಂಗಳಾ ಮುರಕೋರಿ, ಉಳಿದದ್ದು ನಿಮಗ ಇರ್ಲಿ ಅಂತೇನಿ.”

ಸುಮೇಧಾ ನಗಲಿಲ್ಲ. ಫಾರ್ಮು ತುಂಬುವ ಕೆಲಸದಲ್ಲಿ ಆರು ವರ್ಷ ಕಳೆದವಳು. ಯಾವ ಕಾಗದಕ್ಕೆ ಎಷ್ಟು ಜೀವ ಎಂದು ಬಲ್ಲವಳು. “ತಾರೀಖು ತಿದ್ದಬೇಕಂದ್ರ ಕೋರ್ಟಿಗೆ ಹೋಗಬೇಕು. ವರ್ಷಗಟ್ಟಲೆ ಹಿಡೀತದ. ಭರ್ತಿ ಹನ್ನೆರಡು ದಿನಕ್ಕದ” ಎಂದಳು.

ಇದೇ ಕೊನೆಯ ಭರ್ತಿ ಎಂದು ಮಾಳಿಂಗಪ್ಪನಿಗೆ ಗೊತ್ತಿತ್ತು. ಮುಂದಿನದು ಬರುವಷ್ಟರಲ್ಲಿ ಕಾಗದದ ವಯಸ್ಸಿನ ಹಿಂದೆ ಮೈಯ ವಯಸ್ಸೂ ಗೆರೆ ದಾಟಿರುತ್ತದೆ.

ಅದೇ ವಾರ ಗೊತ್ತಿಲ್ಲದ ನಂಬರಿನಿಂದ ಅವನಿಗೊಂದು ಫೋನು ಬಂತು. ಯಾವುದೋ ಏಜೆಂಟ. ದೂರದ ಒಂದು ದೇಶದ ಪೌಜಿಗೆ ಮಂದಿ ಬೇಕಾಗಿದ್ದಾರೆ, ಎದೆ ಅಳೆಯುವುದಿಲ್ಲ, ವಯಸ್ಸು ಕೇಳುವುದಿಲ್ಲ, ಹೋದ ದಿನವೇ ಬಂದೂಕು ಕೈಗೆ ಕೊಡುತ್ತಾರೆ ಎಂದ. ಮಾಳಿಂಗಪ್ಪ ಪೂರ್ತಿ ಕೇಳಿದ. ಆಮೇಲೆ ಹೇಳಿದ: “ಎಷ್ಟು ವರ್ಷದಾಂವ ಅಂತ ಕೇಳಲಾರದವ್ರು ಎಷ್ಟು ದಿನಾ ಇಟ್ಕೋತಾರಪಾ? ನಮ್ಮವ್ರು ವಯಸ್ಸು ಕೇಳ್ತಾರಂದ್ರ ನಾವು ತಿರುಗಿ ಬರೂದು ಅವರಿಗೆ ಬೇಕಾಗೇತಿ ಅಂತ.” ಮರುದಿನ ಕಾಲುವೆಯ ದಂಡೆಯಲ್ಲಿ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಆ ನಂಬರನ್ನು ಬ್ಲಾಕ್ ಮಾಡಿಸಿದ.

ಅವನ ತಲೆಯಲ್ಲಿ ಬೇರೆ ವಿಚಾರ ಕೂತಿತ್ತು. ಆ ತಾರೀಖು ಬರೆದ ಕೈ ಇನ್ನೂ ಊರಲ್ಲಿದೆ. ಬರೆದವರೇ ತಪ್ಪಾಗಿದೆ ಎಂದು ಬರೆದುಕೊಟ್ಟರೆ? ಆಲಮೇಲದಲ್ಲಿ ಇಂದಿಗೂ ಗೋವಿಂದ ಮಾಸ್ತರರ ಸಹಿ ಎಂದರೆ ಸಹಿ. ಹೊಲದ ಜಗಳದಲ್ಲಿ ತಹಶೀಲ್ದಾರರ ಸಹಿಯನ್ನು ಅನುಮಾನಿಸುವವರೂ ಅದನ್ನು ಅನುಮಾನಿಸುವುದಿಲ್ಲ. ಬೆಳಗಾವಿಯ ಪೌಜಿಗೆ ಆಲಮೇಲದ ಮಾಸ್ತರರು ಯಾರೆಂದು ಗೊತ್ತಿರಲಿಕ್ಕಿಲ್ಲ ಎನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ, ಹೊಳೆದರೂ ಅದನ್ನು ಬದಿಗಿಟ್ಟ.

ಸೆಂಟರಿನ ಹಿಂದಿನ ಪಡಸಾಲೆಯಲ್ಲಿ ಎಂಬತ್ತೊಂದರ ಮಾಸ್ತರರು ಪೇಪರ್ ಓದುತ್ತಿದ್ದರು. ಮಾಳಿಂಗಪ್ಪ ಹೊಸ್ತಿಲ ಹತ್ತಿರವೇ ನಿಂತು ವಿಷಯ ಹೇಳಿದ. ಮಾಸ್ತರರು ಚಸ್ಮಾ ತೆಗೆದರು.

“ಮಾಳ್ಯಾ, ಮೂವತ್ತಾರು ವರ್ಷ ಸರ್ವಿಸ್ ಮಾಡೀನಿ. ಒಂದು ರಿಮಾರ್ಕ್ ಇಲ್ಲ. ಈಗ ನಾ ತಪ್ಪು ಬರದೀನಿ ಅಂತ ಬರಕೊಡ್ಲಾ?”

“ತಪ್ಪು ಅನ್ಬ್ಯಾಡ್ರಿ ಗುರುಗಳ. ಹುಡುಗನ ಕೈ ಉದ್ದಿತ್ತು ಅಂತ ಬರೀರಿ.”

“ಕೈ ನಿಂದು. ಅದಕ್ಕ ನಾ ಹೆಂಗ ಜವಾಬ್ದಾರಿ?”

ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ಅವರ ಹೆಂಡತಿ ಇಂದೂಬಾಯಿ ಅಲ್ಲಿಂದಲೇ ಮಾತು ಎಸೆದಳು: “ಅಹೋ, ನಮ್ಮ ಮಕ್ಕಳಿಗೆ ಜಾತಕಾ ಬರಸೀರಿ. ಹುಟ್ಟಿದ ಘಳಿಗಿ ಸುದ್ದಾ ಬರದಿಟ್ಟೀರಿ. ಅವರಿಗ್ಯಾಕ ಕೈ ಎತ್ತಸಲಿಲ್ಲ?”

“ನಿನಗ ಯಾರು ಕೇಳ್ಯಾರ?”

“ಯಾರೂ ಕೇಳಿಲ್ರಿ. ಐವತ್ತಾರು ವರ್ಷ ಆತು, ಯಾರೂ ಕೇಳಿಲ್ಲ.”

ಮಾಸ್ತರರು ಚಸ್ಮಾ ಮತ್ತೆ ಹಾಕಿಕೊಂಡರು. ಪೇಪರನ್ನು ನಾಲ್ಕು ಮಡಿಕೆ ಮಾಡಿದರು. ಆಮೇಲೆ ತಲೆ ಎತ್ತದೆ, “ಕೈ ಎತ್ತು” ಎಂದರು.

ಮಾಳಿಂಗಪ್ಪ ಎಂದೂ ಆ ಮಾತಿಗೆ ಎದುರು ಹೇಳಿದವನಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿದ. ಕೈ ಎಡಗಿವಿಯನ್ನು ದಾಟಿ, ಗದ್ದವನ್ನು ದಾಟಿ, ಹೆಗಲ ಹತ್ತಿರ ಬಂದು ನಿಂತಿತು. ಪಟ್ಟಿಯ ಮೇಲಿನ ಹುಲಿ ಮುಖ ಬೆರಳುಗಳ ಕೆಳಗೆ ಮುಚ್ಚಿಹೋಯಿತು. ಹಾಗೆ ನಿಂತ ಅವನನ್ನು ಮಾಸ್ತರರು ಬಹಳ ಹೊತ್ತು ನೋಡಿದರು. “ಇಳಸು” ಎನ್ನುವುದನ್ನು ಮರೆತರು. ಕೊನೆಗೆ ಸೊಸೆಯನ್ನು ಕರೆದು, “ಬಿಳಿ ಹಾಳಿ ತಾ” ಎಂದರು.

ಮೂರು ಹಾಳೆ ಹರಿದು ನಾಲ್ಕನೆಯದರ ಮೇಲೆ, ಮುತ್ತಿನಂಥ ದುಂಡು ಅಕ್ಷರದಲ್ಲಿ ಬರೆದರು: ‘ಸದರಿ ವಿದ್ಯಾರ್ಥಿಯ ಕೈಯ ಉದ್ದದಿಂದಲೂ ಅಂದಿನ ನನ್ನ ಅವಸರದಿಂದಲೂ ವಯಸ್ಸಿನಲ್ಲಿ ವ್ಯತ್ಯಾಸವಾಗಿರುತ್ತದೆ. ಇದಕ್ಕೆ ನಾನೇ ಹೊಣೆಗಾರನು.’ ಕೆಳಗೆ ಸಹಿ ಹಾಕಿದರು.

“ಇದು ನಡೀತದೇನೋ?”

“ನಿಮ್ಮ ಅಕ್ಷರ ನಡೀಲಿಲ್ಲಂದ್ರ ಮತ್ತ ಯಾರದ್ದು ನಡೀತೈತ್ರಿ ಗುರುಗಳ?”

ಹೊರಗೆ ಬಂದಾಗ ಸುಮೇಧಾ ಹಿಂದೆಯೇ ಬಂದಳು. “ಅಣ್ಣಾ, ಸುಳ್ಳು ಹೇಳೂದಿಲ್ಲ. ಅದು ನಡಿಯೂದಿಲ್ಲ. ಅವರು ಮಾರ್ಕ್ಸ್ ಕಾರ್ಡ್ ಬಿಟ್ಟು ಬ್ಯಾರೆ ನೋಡೂದಿಲ್ಲ.”

“ನಾನೂ ಹುಡುಗ್ರಿಗೆ ಅದನ್ನ ಹೇಳತೇನ್ರಿ ಅಕ್ಕಾರ. ಆದ್ರ ಓದೂ ಮನಷ್ಯಾ ಒಬ್ಬನರ ಇರ್ತಾನಲ್ರಿ ಅಲ್ಲಿ?”

ಸುಮೇಧಾ ಒಳಗೆ ಹೋಗಿ ಬಂದಳು. ಪತ್ರ ಬೆವರಿಗೆ ಹಾಳಾಗಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟಳು. ದಾರಿಗೆ ನಾಲ್ಕು ಶೇಂಗಾ ಹೋಳಿಗೆಯನ್ನೂ ಕಟ್ಟಿಕೊಟ್ಟಳು.

ಬೆಳಗಾವಿಯ ಮೈದಾನದಲ್ಲಿ ಸಾವಿರಾರು ಜನ. ಮೊದಲು ಓಟ. ಮಾಳಿಂಗಪ್ಪನ ಗುಂಪಿನಲ್ಲಿದ್ದವರೆಲ್ಲ ಮೀಸೆ ಈಗಷ್ಟೇ ಬಂದವರು. “ಕಾಕಾ, ಮಗನ್ನ ಬಿಡಾಕ ಬಂದೀರೇನು?” ಎಂದು ಒಬ್ಬ ಕೇಳಿದ. ಕಾಕಾ ನಾಲ್ಕನೆಯ ಸುತ್ತಿನಲ್ಲಿ ಕೇಳಿದವನನ್ನು ಹಿಂದೆ ಹಾಕಿ, ಗುಂಪಿನಲ್ಲಿ ಎರಡನೆಯವನಾಗಿ ಗೆರೆ ಮುಟ್ಟಿದ. ಪುಲ್ ಅಪ್ ಹತ್ತು. ಎದೆ, ಬೇಕಾದದ್ದಕ್ಕಿಂತ ಹೆಚ್ಚು. ಕಿವಿ ಶುದ್ಧ, ಕಾಲು ನೆಟ್ಟಗೆ. ಇಪ್ಪತ್ತು ವರ್ಷ ಹುಡುಗರಿಗೆ ಕಲಿಸಿದ್ದನ್ನೆಲ್ಲ ಒಂದು ಮುಂಜಾನೆಯಲ್ಲಿ ತಾನು ಮಾಡಿ ಮುಗಿಸಿದ.

ಕಾಗದ ನೋಡುವ ಟೇಬಲ್ಲಿನ ಹಿಂದೆ ಇಬ್ಬರು ಕೂತಿದ್ದರು. ಒಬ್ಬರು ಉತ್ತರದ ಕಡೆಯ ಸುಬೇದಾರರು. ಇನ್ನೊಬ್ಬ ಮಾಳಿಂಗಪ್ಪನ ಗೋಡೆಯ ಒಂಬತ್ತನೆಯ ಫೋಟೋ, ಅಂದರೆ ಆಲಮೇಲದ ಜಾಹಿದ. ಕಾಲುವೆಯ ದಂಡೆಯಲ್ಲಿ ಓಡಿ ಸೈನ್ಯ ಸೇರಿ ಹನ್ನೊಂದು ವರ್ಷವಾಗಿತ್ತು, ಈಗ ನಾಯಕ್ ಹುದ್ದೆಯಲ್ಲಿದ್ದ. ಗುರುವನ್ನು ಕಂಡು ಎದ್ದೇಬಿಟ್ಟ, ಮತ್ತೆ ಸುಬೇದಾರರನ್ನು ನೋಡಿ ಕುಳಿತ.

“ಉಸ್ತಾದ, ನೀವು ಇಲ್ಲಿ?”

“ಕಾಗದಾ ನೋಡಪಾ ಜಾಹಿದ. ಎಲ್ಲಾರದೂ ಹೆಂಗ ನೋಡ್ತಿ, ಹಂಗ ನೋಡು.”

ಜಾಹಿದ ಮಾರ್ಕ್ಸ್ ಕಾರ್ಡ್ ನೋಡಿದ. ಬೆರಳು ಮಡಚಿ ಎಣಿಸಿದ. ಮತ್ತೆ ಎಣಿಸಿದ. ಜಾಹಿದನ ಹುಟ್ಟಿದ ದಿನವೂ ಜೂನ್ ಒಂದೇ, ಬರೆದವರೂ ಅದೇ ಮಾಸ್ತರರು. ಆದರೆ ಚಿಕ್ಕಂದಿನಲ್ಲಿ ಅವನ ಕೈ ಗಿಡ್ಡ. ಎರಡು ಸಲ ಕಿವಿ ಮುಟ್ಟದೆ ಮನೆಗೆ ಹೋಗಿ, ಎಂಟು ತುಂಬಿದ ಮೇಲೆ ಆರು ವರ್ಷದವನಾಗಿ ಶಾಲೆ ಸೇರಿದ್ದ. ಕಾಗದದಲ್ಲಿ ಇಪ್ಪತ್ತೊಂದು ಆಗುವ ಹೊತ್ತಿಗೆ, ಎದೆ ಉಬ್ಬಿಸಲು ಬೇರೆಯವರಿಗಿಂತ ಎರಡು ವರ್ಷ ಹೆಚ್ಚಿಗೆ ಸಿಕ್ಕಿತ್ತು.

ಮಾಳಿಂಗಪ್ಪ ಪತ್ರ ತೆಗೆದಿಟ್ಟ. ಸುಬೇದಾರರು ಅದನ್ನು ಹಿಡಿದು ನೋಡಿ, ಅಕ್ಷರ ಬಹಳ ಚಂದ ಇದೆ ಎಂದರು; ಕನ್ನಡ ಅವರಿಗೆ ಬರುತ್ತಿರಲಿಲ್ಲ. ಏನಿದೆ ಎಂದು ಜಾಹಿದನನ್ನು ಕೇಳಿದರು. ಜಾಹಿದ ಹಿಂದಿಯಲ್ಲಿ ಹೇಳಿದ. ಕೈ, ಕಿವಿ, ಮಾಸ್ತರರು ಎಲ್ಲವನ್ನೂ ಹೇಳಿದ. ಸುಬೇದಾರರು ನಗಲಿಲ್ಲ. ಎದ್ದು ಮಾಳಿಂಗಪ್ಪನ ಬಲಗೈಯನ್ನು ಹಿಡಿದು ನೋಡಿ, ಇಂಥ ಕೈ ಬಾಂಬ್ ಎಸೆಯಲು ಒಳ್ಳೆಯದಿತ್ತು ಎಂದರು. ಆಮೇಲೆ ಪತ್ರವನ್ನು ಮಡಚಿ ಎರಡು ಕೈಯಿಂದ ವಾಪಸು ಕೊಟ್ಟರು. ಸೈನ್ಯ ಮಾರ್ಕ್ಸ್ ಕಾರ್ಡನ್ನು ಮಾತ್ರ ನಂಬುತ್ತದೆ ಎಂದರು.

ಜಾಹಿದ ತಲೆ ಎತ್ತಲಿಲ್ಲ. “ಉಸ್ತಾದ, ನಾ ಏನರ…”

“ಸುಮ್ನ ಬರಿ. ನಿನಗ ನಾ ಇದನ್ನ ಕಲಸೇನೇನು?”

ಜಾಹಿದ ಹೆಸರಿನ ಮುಂದೆ ಅಡ್ಡಗೆರೆ ಎಳೆದ.

ಅಷ್ಟರಲ್ಲಿ ಹಿಂದೆ ಗದ್ದಲ ಎದ್ದಿತು. ಬಿಸಿಲಿಗೆ ಬೇಸತ್ತ ಹುಡುಗರು ಬಿದಿರಿನ ತಡೆಬೇಲಿ ಮುರಿದು ನುಗ್ಗುತ್ತಿದ್ದರು. ಇಬ್ಬರು ಜವಾನರು ಒದರಿ ಒದರಿ ಸೋತಿದ್ದರು. ಮಾಳಿಂಗಪ್ಪನ ಕೈ ತಾನಾಗಿಯೇ ಕಿಸೆಯ ಸೀಟಿಗೆ ಹೋಯಿತು. “ಏ! ಪಾಳಿ ಹಚ್ಚ್ರಲೇ! ಕಬ್ಬಿನ ಟ್ರ್ಯಾಕ್ಟರ್ ಏನು ನೀವು?” ಎರಡು ನಿಮಿಷದಲ್ಲಿ ಸಾಲು ದಾರ ಹಿಡಿದಂತೆ ನೆಟ್ಟಗಾಯಿತು. ಸುಬೇದಾರರು ಅವನನ್ನು ನೋಡಿದರು, ಕೈ ಮಾಡಿ ಅಲ್ಲೇ ನಿಲ್ಲಲು ಹೇಳಿದರು. ಸಂಜೆ ಆರರ ತನಕ ಮಾಳಿಂಗಪ್ಪ ಅಲ್ಲಿ ನಿಂತ. ನೂರಾರು ಹುಡುಗರು ಅವನನ್ನು ಸರ್ ಎಂದರು. ಜವಾನರ ಜೊತೆ ಕೂತು ಅವರ ತಟ್ಟೆಯಲ್ಲೇ ಪೂರಿ ತಿಂದ. ಸೈನ್ಯ ಅವನಿಂದ ಒಂದು ಪೂರ್ತಿ ದಿನದ ಕೆಲಸ ತೆಗೆದುಕೊಂಡಿತು. ಅದಕ್ಕೆ ವಯಸ್ಸು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಆಲಮೇಲದಲ್ಲಿ ಬಸ್ಸಿಳಿದವನು ಮನೆಗೆ ಹೋಗದೆ ಸೀದಾ ಸೆಂಟರಿಗೆ ಬಂದ. ಸುಮೇಧಾ ಅವನ ಮುಖ ನೋಡಿಯೇ ಕೇಳುವುದನ್ನು ಬಿಟ್ಟು, ತಂಬಿಗೆಯಲ್ಲಿ ನೀರು ತಂದಿಟ್ಟಳು. ಅವನು ಕುಡಿದು ಎಲ್ಲವನ್ನೂ ಹೇಳಿದ. ಓಟದ ಸುದ್ದಿಯನ್ನು ಎರಡು ಸಲ ಹೇಳಿದ.

“ನಮ್ಮ ಮಾವನವರು ಎರಡು ದಿನದಿಂದ ಸರಿ ಉಂಡಿಲ್ಲ” ಎಂದಳು ಸುಮೇಧಾ, ದನಿ ತಗ್ಗಿಸಿ. “ಹಳೇ ಹುಡುಗರ ಹೆಸರು ಒಂದೊಂದ ನೆನಪು ಮಾಡಿಕೋತ ಕೂತಾರ. ಇವನ ಕೈ ಹೆಂಗಿತ್ತು, ಅವನ ಕೈ ಹೆಂಗಿತ್ತು ಅಂತ. ತಾಸಿಗೊಮ್ಮೆ ಕೇಳ್ತಾರ, ಮಾಳ್ಯಾನ ಫೋನ್ ಬಂತೇನು ಅಂತ. ಈಗ ನಾ ಏನ್ ಹೇಳ್ಲಿ?”

ಒಳಗಿನಿಂದ ಮಾಸ್ತರರ ಕೋಲಿನ ಸಪ್ಪಳ ಕೇಳಿಸಿತು. ಪಡಸಾಲೆ ದಾಟಿ ಈ ಕಡೆಗೇ ಬರುತ್ತಿತ್ತು. ಮಾಳಿಂಗಪ್ಪ ಎದ್ದು ಅಂಗಿ ಸರಿಮಾಡಿಕೊಂಡ. ಬಾಗಿಲ ಕಡೆ ಒಮ್ಮೆ ನೋಡಿ, ಸುಮೇಧಾಳ ಟೇಬಲ್ಲಿನ ಮೇಲೆ ಬಾಗಿದ.

“ಅಕ್ಕಾರ, ಒಂದು ಉಪಕಾರ ಮಾಡ್ರಿ. ನಾ ಹೇಳಿದ್ರ ಅವರು ನಂಬೂದಿಲ್ಲ, ನೀವು ಹೇಳಿದ್ರ ನಂಬತಾರ. ಕಾಗದಾ ನಡೀತು ಅನ್ರಿ. ಸಾಹೇಬ್ರು ಅಕ್ಷರ ನೋಡಿ ಹೊಗಳಿದ್ರು ಅನ್ರಿ, ಅದು ಖರೇನ ಐತಿ. ಮಾಳ್ಯಾ ಓಟದಾಗ ಹಿಂದ ಬಿದ್ದ ಅಂತ ಹೇಳ್ರಿ. ಎಷ್ಟು ಹಿಂದ ಅಂತ ಕೇಳಿದ್ರ, ಎಲ್ಲಾರಕಿಂತ ಕಡೀಗೆ ಅನ್ರಿ.”